ಸಿಂಕಲ್ಲಿ ಉಕ್ಕಿದ ಬೀಟ್ರೂಟ್ ನೀರು

ಇದು ನಮ್ಮ ಅಡುಗೆಮನೆ ಸಿಂಕು, ಬೆಳಿಗ್ಗೆ ಏಳೂವರೆ. ನಲ್ಲಿ ಬಂದ್ ಇದೆ, ನಾನಿನ್ನೂ ಕಾಫಿ ಲೋಟ ಕೂಡ ತೊಳ್ದಿಲ್ಲ, ಆದ್ರೂ ನೋಡಿ ಕೆಳಗಿಂದ ಕೆಂಪು ನೀರು ಬುಳುಬುಳು ಅಂತ ಉಕ್ತಾ ಇದೆ. ಬೀಟ್ರೂಟ್ ನೀರು. ನಮ್ಮನೇಲಿ ಆ ವಾರ ಬೀಟ್ರೂಟೇ ತಂದಿರ್ಲಿಲ್ಲ. ಜೊತೆಗೆ ನಾಲ್ಕು ಸಾಸಿವೆ ಕಾಳು, ಒಂದು ಕರಿಬೇವಿನೆಲೆ ತೇಲ್ತಾ ಇತ್ತು. ಈ ಕ್ಲಿಪ್ ತೆಗೆಯೋವಾಗ ನಂಗೆ ಅಳು ಬರೋದೊಂದು ಬಾಕಿ, ಯಾಕಂದ್ರೆ ಹಿಂದಿನ ವಾರ ತಾನೇ ಎಲ್ಲಾ ಬಿಚ್ಚಿ ಕ್ಲೀನ್ ಮಾಡಿಸಿದ್ದೆ.

ನಾವಿರೋದು ಬೆಂಗಳೂರಿನ ಶ್ರೀನಗರದ ಕಡೆ, 30-40 ಸೈಟಲ್ಲಿ ಕಟ್ಟಿರೋ ಹಳೇ ಬಿಲ್ಡಿಂಗು, ಮೂರು ಫ್ಲೋರು ಮೂರು ಮನೆ, ನಮ್ದು ಕೆಳಗಿನದು. ಬಾಡಿಗೆಗೆ ಬಂದು ಎರಡು ವರ್ಷ ಆಯ್ತು, ಎರಡು ತಿಂಗಳಿಗೊಂದ್ಸಲ ಸಿಂಕ್ ಕಟ್ಕೊಳ್ಳೋದು ತಪ್ಪಿಲ್ಲ. ಪ್ಲಂಜರ್ ಒತ್ತೋದು, ಬಿಸಿನೀರು ಸುರಿಯೋದು, ಅಂಗಡೀಲಿ ಸಿಗೋ ಪೈಪ್ ಕ್ಲೀನ್ ಮಾಡೋ ಪೌಡರ್ ಹಾಕೋದು, ಸ್ವಲ್ಪ ದಿನ ಸರಾಗವಾಗಿ ಹೋಗುತ್ತೆ, ಆಮೇಲೆ ಮತ್ತೆ ಅದೇ ಕಥೆ. ಅಡುಗೆ ಸೋಡಾ ಪುಡಿ, ವಿನೆಗರ್ ಕೂಡ ಸುರಿದು ನೋಡಿದೀನಿ. ನೊರೆ ನೋಡೋಕೆ ಜೋರಾಗೇ ಬರುತ್ತೆ, ಆದ್ರೆ ಒಂದು ಕ್ಷಾರ, ಇನ್ನೊಂದು ಆಮ್ಲ, ಎರಡೂ ಸೇರಿದ್ರೆ ಒಂದನ್ನೊಂದು ತಿಂದ್ಕೊಂಡು ಕೊನೆಗೆ ಉಳಿಯೋದು ಉಪ್ಪು ಕರಗಿದ ನೀರು ಅಷ್ಟೇ, ಜಿಡ್ಡಿಗೆ ಅದು ಏನೂ ಮಾಡಲ್ಲ.

ಆದ್ರೆ ಆ ಬೀಟ್ರೂಟ್ ನೀರು ಬಂತಲ್ಲ, ಅದು ನಂಗೆ ಕಣ್ಣು ತೆರೆಸ್ತು. ಸಿಂಕಿನ ಕೆಳಗೆ ಸ್ವಲ್ಪ ನೀರು ನಿಲ್ಲೋ ಡಬ್ಬಿ ಥರದ್ದು ಇರುತ್ತಲ್ಲ, ಆ ಬಾಟಲ್ ಟ್ರ್ಯಾಪಲ್ಲಿ ಕಟ್ಕೊಂಡಿದ್ರೆ ನಮ್ಮ ನೀರು ಕೆಳಗೆ ಹೋಗಲ್ಲ, ಅಷ್ಟೇ. ಮೇಲ್ಮನೆಯವರ ನೀರು ನಮ್ಮಲ್ಲಿ ಹುಟ್ತಾ ಇದೆ ಅಂದ್ರೆ ಮೂರೂ ಮನೆ ಪೈಪ್ ಸೇರಿದ ಮೇಲೆ, ಇನ್ನೂ ಕೆಳಗೆ, ಹೊರಗಡೆ ಎಲ್ಲೋ ಕಟ್ಕೊಂಡಿದೆ, ನೀರಿಗೆ ದಾರಿ ಸಿಗ್ದೆ ಎಲ್ಲಕ್ಕಿಂತ ತಗ್ಗಲ್ಲಿರೋ ಬಾಯಿ ಅಂದ್ರೆ ನಮ್ಮ ಸಿಂಕಿಗೆ ಬರ್ತಾ ಇದೆ. ಎರಡು ವರ್ಷ ನಾನು ತಪ್ಪು ಜಾಗದಲ್ಲಿ ಪೌಡರ್ ಸುರೀತಾ ಇದ್ದೆ.

ಈ ಸಲ ಬೇರೆ ಪ್ಲಂಬರನ್ನ ಕರೆಸಿದ್ವಿ. ಅವರು ಬಂದ ತಕ್ಷಣ ಕೇಳಿದ್ದು ಒಂದೇ, ಪೌಡರ್ ಹಾಕಿದೀರಾ, ಆಸಿಡ್ ಏನಾದ್ರೂ ಹಾಕಿದೀರಾ ಅಂತ. ಅವರ ಮುಂಗೈ ಮೇಲೆ ಸುಟ್ಟ ಕಲೆ ಇದೆ, ಯಾರದೋ ಮನೇಲಿ ಹೇಳದೇ ಇದ್ದಿದ್ದಕ್ಕೆ. ಆ ಪೌಡರಲ್ಲಿರೋದು ಕಾಸ್ಟಿಕ್ ಸೋಡಾ, ಟ್ರ್ಯಾಪಲ್ಲಿ ನಿಂತ ನೀರೇ ಚರ್ಮ ಸುಡುತ್ತೆ, ಅದರ ಮೇಲೆ ಟಾಯ್ಲೆಟ್ ಆಸಿಡ್ ಸುರಿದ್ರೆ ಕುದ್ದು ಮುಖಕ್ಕೇ ಹಾರುತ್ತೆ. ಬ್ಲೀಚಿಗೆ ಆಸಿಡ್ ಸೇರಿದ್ರಂತೂ ಕ್ಲೋರಿನ್ ಗ್ಯಾಸು. ದಯವಿಟ್ಟು ಬೆರೆಸ್ಬೇಡಿ, ಹಾಕಿದ್ರೆ ಕೆಲಸಕ್ಕೆ ಬಂದವರಿಗೆ ಮೊದಲೇ ಹೇಳ್ಬಿಡಿ.

ಇಲ್ಲಿ ಕಾಂಪೌಂಡ್ ಪಕ್ಕದ ಚೇಂಬರ್, ಅಂದ್ರೆ ಪೈಪ್‌ಗಳು ಬಂದು ಸೇರೋ ಗುಂಡಿ, ತೆಗೀತಾ ಇದಾರೆ. ಪೈಪೊಳಗೆ ಉದ್ದದ ಸ್ಪ್ರಿಂಗ್ ತಂತಿ ಹಾಕಿ ತಿರುಗಿಸಿ ಎಳೆದಾಗ ಬಂದಿದ್ದು ಇದು, ಹತ್ತಿರದಿಂದ ತೋರಿಸ್ತೀನಿ. ಬೂದು ಬಣ್ಣ, ಮೇಣದ ಥರ, ಉಗುರಲ್ಲಿ ಕೆರೆದ್ರೆ ಪದರ ಪದರ, ಮಧ್ಯ ಕಾಫಿ ಗಷ್ಟು, ಅನ್ನದ ಅಗುಳು, ಸ್ಕ್ರಬ್ಬರಿನ ಸ್ಟೀಲ್ ಎಳೆ. ನಮ್ಮ ಬೋರ್‌ವೆಲ್ ನೀರು ಗಡಸು, ಬಕೆಟ್ಟಲ್ಲೆಲ್ಲ ಬಿಳಿ ಕಟ್ಟಿರುತ್ತೆ. ಎಣ್ಣೆ ತುಪ್ಪ ಪೈಪಲ್ಲಿ ಕೊಳೆತು ಅದಕ್ಕೆ ಕ್ಯಾಲ್ಸಿಯಂ ಸೇರ್ಕೊಂಡ್ರೆ ಒಂಥರಾ ಗಟ್ಟಿ ಸೋಪೇ ಆಗ್ಬಿಡುತ್ತೆ. 2017ರಲ್ಲಿ ಲಂಡನ್ನಿನ ವೈಟ್‌ಚಾಪೆಲ್ ಚರಂಡೀಲಿ ಸಿಕ್ಕಿದ್ದು ಇದೇ ಜಾತಿ ಗಡ್ಡೆ, 250 ಮೀಟರ್ ಉದ್ದ, ಸುಮಾರು 130 ಟನ್ ತೂಕ.

ಇನ್ನೊಂದು ತೊಂದ್ರೆ ವಾಟದ್ದು, ಅಂದ್ರೆ ಪೈಪಿನ ಇಳಿಜಾರಿಂದು. ಸಿಂಕಿನ ಪೈಪಿಗೆ 1 ಅಡಿಗೆ ಕಾಲಿಂಚು ವಾಟ ಇರ್ಬೇಕಂತೆ, ನಮ್ದು ಗೋಡೆಯಿಂದ ಚೇಂಬರ್‌ವರೆಗೆ 14 ಅಡಿ, ಅಂದ್ರೆ ಮೂರೂವರೆ ಇಂಚು ಇಳೀಬೇಕು. ಅವರು ಟ್ಯೂಬಲ್ಲಿ ನೀರು ತುಂಬಿ ಮಟ್ಟ ಹಿಡಿದು ನೋಡಿದ್ರೆ ಒಂದಿಂಚೂ ಇಲ್ಲ, ಮಧ್ಯದಲ್ಲಿ ಪೈಪ್ ಹೊಟ್ಟೆ ಬಿಟ್ಟಿದೆ. ಅಲ್ಲೇ ನೀರು ನಿಲ್ಲುತ್ತೆ, ಅಲ್ಲೇ ಜಿಡ್ಡು ಕೂರುತ್ತೆ.

ನಮ್ಮಜ್ಜಿ ಮನೇಲಿ ಅಕ್ಕಚ್ಚು, ಮುಸುರೆ ಎಲ್ಲಾ ಕಲಗಚ್ಚಿನ ಬಾನಿಗೆ ಹೋಗ್ತಿತ್ತು, ಅಲ್ಲಿಂದ ಹಸುವಿಗೆ. ಪಾತ್ರೆ ತೊಳೆದ ಬೂದಿ ನೀರು ಹಿತ್ತಲ ಬಾಳೆ ಬುಡಕ್ಕೆ. ಅಲ್ಲಿ ಕಟ್ಕೊಳ್ಳೋಕೆ ಪೈಪೇ ಇರ್ಲಿಲ್ಲ. ನಮಗೆ ಹಸುನೂ ಇಲ್ಲ ಹಿತ್ತಲೂ ಇಲ್ಲ, ಎಲ್ಲಾದಕ್ಕೂ ಆ ಸಣ್ಣ ತೂತೊಂದೇ.

ಸಂಜೆ ನಾನು ಆ ಗಡ್ಡೆ ಫೋಟೋ ಹಿಡ್ಕೊಂಡು ಮೇಲಿನ ಎರಡೂ ಮನೆಗೆ ಹೋದೆ. ಜಗಳ ಆಗುತ್ತೇನೋ ಅಂತ ಭಯ ಇತ್ತು, ಆದ್ರೆ ಮೊದಲನೇ ಫ್ಲೋರಿನ ಆಂಟಿ ಫೋಟೋ ನೋಡಿ ಅಯ್ಯೋ ಇದು ನಮ್ಮನೆ ಒಗ್ಗರಣೆನೂ ಹೌದಲ್ವಾ ಅಂದ್ರು, ಕೂರಿಸಿ ಕಾಫಿ ಕೊಟ್ರು. ಈಗ ಮೂರೂ ಮನೇಲಿ ಹಪ್ಪಳ ಕರಿದ ಎಣ್ಣೆಗೆ ಒಂದು ಹಳೇ ಡಬ್ಬ ಇದೆ, ತಟ್ಟೆ ಬಾಣಲೆ ತೊಳೆಯೋಕೆ ಮುಂಚೆ ಹಳೇ ಪೇಪರಲ್ಲಿ ಒರೆಸ್ತೀವಿ, ಸಿಂಕಿಗೆ ಸಣ್ಣ ಜಾಲರಿ ಹಾಕಿದೀವಿ, ಕಾಫಿ ಗಷ್ಟು ತುಳಸಿ ಕುಂಡದ ಮಣ್ಣಿಗೆ ಬೆರೆಸ್ತೀನಿ. ಕುದಿಯೋ ನೀರು ಮಾತ್ರ ಸುರಿಯಲ್ಲ, ಪಿವಿಸಿ ಪೈಪ್ ಮೆತ್ತಗಾಗಿ ಇನ್ನಷ್ಟು ಜೋತು ಬೀಳುತ್ತೆ.

ಒಂದು ಮಾತು ಹೇಳ್ಲೇಬೇಕು. ರಸ್ತೆ ಮ್ಯಾನ್‌ಹೋಲ್ ಕಟ್ಕೊಂಡಿದ್ರೆ ಯಾರನ್ನೋ ದುಡ್ಡು ಕೊಟ್ಟು ಒಳಗೆ ಇಳಿಸ್ಬೇಡಿ, 2013ರ ಕಾನೂನಲ್ಲಿ ಅದು ಅಪರಾಧ, ಆ ಗುಂಡೀಲಿ ಉಸಿರುಕಟ್ಟಿ ಎಷ್ಟೋ ಜನ ಸತ್ತಿದಾರೆ. ಜಲಮಂಡಳಿಗೆ ಫೋನ್ ಮಾಡಿ, ಮಷಿನ್ ಬರ್ಲಿ.

ನಾಲ್ಕು ತಿಂಗಳಾಯ್ತು, ಸಿಂಕ್ ಕಟ್ಕೊಂಡಿಲ್ಲ. ಪೈಪಿನ ಹೊಟ್ಟೆ ಹಾಗೇ ಇದೆ, ಅದನ್ನ ಅಗೆದು ವಾಟ ಕೊಟ್ಟು ಮತ್ತೆ ಕೂರಿಸೋಕೆ ಓನರ್ ಯುಗಾದಿ ಆದ್ಮೇಲೆ ನೋಡೋಣ ಅಂದಿದಾರೆ, ಮೂರೂ ಮನೆಯವರು ಸೇರಿ ಇನ್ನೊಂದ್ಸಲ ಕೇಳೋಕೆ ಭಾನುವಾರ ಹೋಗ್ತಾ ಇದೀವಿ.