ಸೀಟು ಕೊಟ್ಟರೆ ಸಾಲದು

ಕೇಳುಗರಿಗೆ ನಮಸ್ಕಾರ. ಕಾಲೇಜಿನಲ್ಲಿ ಪಾಠ ಮಾಡುವ ಮೇಷ್ಟ್ರು, ಮೇಡಂಗಳು ಯಾರಾದರೂ ಕೇಳುತ್ತಿದ್ದರೆ, ಇವತ್ತಿನ ಮಾತು ನಿಮಗೇ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಬಂದ ಮೇಲೆ ಸರ್ಕಾರಿ, ಅನುದಾನಿತ ಕಾಲೇಜು ಮತ್ತು ವಿಶ್ವವಿದ್ಯಾಲಯಗಳಲ್ಲಿ ಶೇಕಡಾ 5ರಷ್ಟು ಸೀಟು ಅಂಗವಿಕಲ ವಿದ್ಯಾರ್ಥಿಗಳಿಗೆ ಮೀಸಲು. ಮೊದಲು ಶೇಕಡಾ 3 ಇತ್ತು. ಸಂತೋಷ. ಆದರೆ ಸೀಟು ಕೊಟ್ಟರೆ ಸಾಲದು, ಪಾಠವೂ ತಲುಪಬೇಕು.

ನನಗೆ ಗೊತ್ತಿರುವ ಒಬ್ಬ ಹುಡುಗಿ ಕನ್ನಡ ಎಂ.ಎ.ಗೆ ಸೇರಿದಳು. ಅವಳಿಗೆ ಕಣ್ಣು ಕಾಣುವುದಿಲ್ಲ. ಲ್ಯಾಪ್‌ಟಾಪಿನಲ್ಲಿ ಎನ್‌ವಿಡಿಎ ಹಾಕಿಕೊಂಡಿದ್ದಳು. ಪರದೆಯ ಮೇಲಿರುವುದನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶ ಅದು. ಪುಕ್ಕಟೆ ಸಿಗುತ್ತದೆ, ಕನ್ನಡವನ್ನೂ ಓದುತ್ತದೆ. ಮೇಷ್ಟ್ರು ಪಂಪನ ಮೇಲೆ ನೋಟ್ಸ್ ಕಳಿಸಿದರು. ತೆರೆದರೆ ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಗೋಜಲು! ಲ್ಯಾಪ್‌ಟಾಪೇ ಕೆಟ್ಟಿದೆ ಅಂತ ಪಾಪ ಅಪ್ಪನ ಜೊತೆ ರಿಪೇರಿ ಅಂಗಡಿಗೆ ಹೋದಳು. ಅವರು ಏನೂ ಕೆಟ್ಟಿಲ್ಲ ಎಂದರು. ಆಮೇಲೆ ನನ್ನ ಹತ್ತಿರ ಬಂದಳು.

ನೋಡಿದರೆ, ಟೈಪ್ ಮಾಡಿದ್ದು ಹಳೆಯ ನುಡಿ ಫಾಂಟಿನಲ್ಲಿ. ನಮ್ಮ ಕಣ್ಣಿಗೆ ಅದು ಕನ್ನಡ. ಕಂಪ್ಯೂಟರಿಗೆ ಮಾತ್ರ ಇಂಗ್ಲಿಷ್ ಅಕ್ಷರ. ಕಂಪ್ಯೂಟರಿಗೂ ಕನ್ನಡವೆಂದೇ ತಿಳಿಯುವ ಯುನಿಕೋಡಿಗೆ ಬದಲಿಸಿಕೊಟ್ಟೆ, ತಕ್ಷಣ ಪಂಪ ಮಾತಾಡಿದ. ಹುಡುಗಿ ಖುಷಿಪಡಲಿಲ್ಲ. "ಸರ್, ಮೊದಲ ಸೆಮಿಸ್ಟರ್ ಮುಗಿದೇ ಹೋಯ್ತಲ್ಲ" ಅಂದಳು. ಉಳಿದ ನೋಟ್ಸೆಲ್ಲ ಮೊಬೈಲಿನಲ್ಲಿ ಫೋಟೊ ತೆಗೆದ ಪಿಡಿಎಫ್‌ಗಳು. ಅವು ಬರೀ ಚಿತ್ರ. ಅಕ್ಷರ ಗುರುತಿಸುವ ತಂತ್ರಾಂಶಕ್ಕೆ ಹಾಕಿ, ತಪ್ಪು ತಿದ್ದಿದರೆ ಮಾತ್ರ ಅವಳ ಕಿವಿಗೆ ಬೀಳುತ್ತವೆ. ಅವಳ ಗೆಳತಿಯರು ಕೂತು ತಿದ್ದಿಕೊಟ್ಟರು. ಅದು ಗೆಳತಿಯರ ಕೆಲಸವಾ? ಕಾಲೇಜಿನದ್ದು ಅಲ್ವಾ?

ಪುಸ್ತಕ ಸ್ಕ್ಯಾನ್ ಮಾಡಿದರೆ ಕಾಪಿರೈಟ್ ತೊಂದರೆ ಎನ್ನುವವರಿದ್ದಾರೆ. ದಯವಿಟ್ಟು ಕೇಳಿ. ಅಂಗವಿಕಲರು ಓದುವುದಕ್ಕಾಗಿ ಹೀಗೆ ಪ್ರತಿ ಮಾಡಿಕೊಡಲು ಕಾಪಿರೈಟ್ ಕಾಯ್ದೆಯ 2012ರ ತಿದ್ದುಪಡಿಯಲ್ಲೇ ಅವಕಾಶ ಇದೆ. ಸುಮ್ನೆ ಹೆದರಬೇಡಿ.

ಸಮಯ ಮುಗಿಯುತ್ತಾ ಬಂತು. ಪರೀಕ್ಷೆಯಲ್ಲಿ ಸ್ಕ್ರೈಬ್, ಅಂದರೆ ಹೇಳಿದ ಉತ್ತರ ಬರೆದುಕೊಡುವವರನ್ನು, ಇಟ್ಟುಕೊಂಡವರಿಗೆ ಗಂಟೆಗೆ ಕನಿಷ್ಠ 20 ನಿಮಿಷ ಜಾಸ್ತಿ ಕೊಡಬೇಕು. ಇದು ಕೇಂದ್ರದ ಮಾರ್ಗಸೂಚಿ. ಶೇಕಡಾ 40ರಷ್ಟು ಅಂಗವೈಕಲ್ಯ ಇದೆ ಎಂಬ ಸರ್ಟಿಫಿಕೇಟ್ ಇಲ್ಲ ಎಂಬ ಒಂದೇ ಕಾರಣಕ್ಕೆ ಸ್ಕ್ರೈಬ್ ನಿರಾಕರಿಸುವಂತಿಲ್ಲ ಎಂದು 2021ರಲ್ಲಿ ಸುಪ್ರೀಂ ಕೋರ್ಟೂ ಹೇಳಿದೆ. ರ‍್ಯಾಂಪು ಅಂದರೆ ಗಾಲಿಕುರ್ಚಿ ಹತ್ತುವ ಇಳಿಜಾರು ಒಂದು ಅಡಿ ಏರಲು 12 ಅಡಿ ಉದ್ದ ಬೇಕು. ಕಡಿದಾದ ಇಳಿಜಾರು ಕಟ್ಟಿಸಿ ಫೋಟೊ ಹಾಕಬೇಡಿ.

ಮತ್ತೆ ಅದೇ ಮಾತು: ಸೀಟು ಕೊಟ್ಟರೆ ಸಾಲದು. ನಾಳೆ ನೋಟ್ಸ್ ಕಳಿಸುವ ಮುಂಚೆ ಅದರಲ್ಲಿ ಒಂದು ಸಾಲು ಕಾಪಿ ಮಾಡಿ ವಾಟ್ಸಾಪಿಗೆ ಹಾಕಿ ನೋಡಿ. ಕನ್ನಡ ಬಂದರೆ ಕಳಿಸಿ. ಗೋಜಲು ಬಂದರೆ ಯುನಿಕೋಡಿಗೆ ಬದಲಿಸಿ ಕಳಿಸಿ. ನಮಸ್ಕಾರ.