ಜೆಲ್ ಕರಗಿಸದೆ ಅದರ ಗುಟ್ಟು ಸಿಗಲ್ಲ: ಎರಡು ಬಿಳಿ ಪುಡಿಗಳ ಜೊತೆ ನನ್ನ ವಾರ

ಈ ಶೀಶೆಯಲ್ಲಿ ಬಿಳಿ ಪುಡಿ ಇದೆ. ಪಕ್ಕದ್ದರಲ್ಲೂ ಅದೇ ಥರದ ಬಿಳಿ ಪುಡಿ. ಎರಡನ್ನೂ ಬಿಸಿ ನೀರಿನಲ್ಲಿ ಕರಗಿಸಿದೆ. ಒಂದಕ್ಕೆ ಪೊಟ್ಯಾಸಿಯಂ ಉಪ್ಪು, ಇನ್ನೊಂದಕ್ಕೆ ಕ್ಯಾಲ್ಸಿಯಂ ಉಪ್ಪು ಹಾಕಿ ಆರಲು ಬಿಟ್ಟೆ. ಈಗ ನೋಡಿ. ಮೊದಲನೆಯದು ಗಟ್ಟಿ, ಚಮಚ ತಾಗಿಸಿದರೆ ಪಟ್ ಅಂತ ಒಡೆಯುತ್ತದೆ. ಎರಡನೆಯದು ಮೆತ್ತಗಿದೆ, ಒತ್ತಿದರೆ ತಗ್ಗಿ ಮತ್ತೆ ಮೇಲೇಳುತ್ತದೆ.

ಎರಡೂ ಕೆಂಪು ಕಡಲಪಾಚಿಯಿಂದ ತೆಗೆದ ಕ್ಯಾರಗೀನನ್. ಮೊದಲನೆಯದು ಕಪ್ಪಾ, ಎರಡನೆಯದು ಅಯೋಟಾ. ಸಕ್ಕರೆಯ ಮಣಿಗಳನ್ನು ಪೋಣಿಸಿದ ಉದ್ದನೆಯ ಸರ ಅಂದುಕೊಳ್ಳಿ. ಗ್ಯಾಲಕ್ಟೋಸ್ ಒಂದು ಮಣಿ, ಅನ್‌ಹೈಡ್ರೋಗ್ಯಾಲಕ್ಟೋಸ್ ಇನ್ನೊಂದು, ಹೀಗೇ ಸಾಗುತ್ತದೆ. ಪ್ರತಿ ಎರಡು ಮಣಿಗೆ ಕಪ್ಪಾದಲ್ಲಿ ಒಂದು ಸಲ್ಫೇಟ್ (ಗಂಧಕ, ಆಮ್ಲಜನಕ ಸೇರಿದ ಪುಟ್ಟ ಗುಂಪು), ಅಯೋಟಾದಲ್ಲಿ ಎರಡು. ಅಷ್ಟೇ ವ್ಯತ್ಯಾಸ! ಅಷ್ಟು ಚಿಕ್ಕದು ಇಷ್ಟು ದೊಡ್ಡದಾಗಿ ಕೈಗೆ ತಿಳಿಯುತ್ತದಲ್ಲ, ನನ್ನನ್ನು ಈ ಕೆಲಸಕ್ಕೆ ಎಳೆದದ್ದು ಅದೇ.

ಹಾಗಾದರೆ ಆ ಸಲ್ಫೇಟನ್ನು ನೋಡುವುದು ಹೇಗೆ?

ಸೋಮವಾರ ಇನ್‌ಫ್ರಾರೆಡ್‌ನಿಂದ ಶುರು ಮಾಡಿದೆ. ಎಫ್‌ಟಿಐಆರ್ ಅಂದರೆ ವಸ್ತು ಯಾವ ಇನ್‌ಫ್ರಾರೆಡ್ ಬೆಳಕನ್ನು ಹೀರುತ್ತದೆ ಎಂದು ಅಳೆಯುವ ಯಂತ್ರ. ಚಿಟಿಕೆ ಪುಡಿಯನ್ನು ಅದರ ಹರಳಿನ ಮೇಲೆ ಒತ್ತಿದರೆ ಸಾಕು, ಕೆಲವೇ ನಿಮಿಷದಲ್ಲಿ ಗ್ರಾಫ್ ಬರುತ್ತದೆ. 845ರ (ಒಂದು ಸೆಂಟಿಮೀಟರ್‌ಗೆ ಅಷ್ಟು ಅಲೆಗಳು ಎಂಬ ಲೆಕ್ಕ) ಹತ್ತಿರದ ಪೀಕ್ ಎರಡರಲ್ಲೂ ಇದೆ, ಅದು ಗ್ಯಾಲಕ್ಟೋಸ್‌ನ ನಾಲ್ಕನೇ ಜಾಗದ ಸಲ್ಫೇಟ್. 805ರ ಹತ್ತಿರದ್ದು ಅಯೋಟಾದಲ್ಲಿ ಮಾತ್ರ ಎದ್ದು ಕಾಣುತ್ತದೆ, ಅದು ಅನ್‌ಹೈಡ್ರೋ ಮಣಿಯ ಮೇಲಿನ ಎರಡನೇ ಸಲ್ಫೇಟ್. ಯಾವ ಜಾತಿ ಎಂದು ಗುರುತಿಸಲು ಇಷ್ಟು ಸಾಕು. ಎಷ್ಟಿದೆ ಎಂದು ಹೇಳಲು ನಾನು ಇದನ್ನು ನೆಚ್ಚಿಕೊಳ್ಳುವುದಿಲ್ಲ.

ಎಣಿಸಬೇಕು ಅಂದರೆ ಸರವನ್ನು ಬಿಡಿಸಬೇಕು. ಇಲ್ಲೇ ನಾನು ಹಿಂದೆ ಒಮ್ಮೆ ಸರಿಯಾಗಿ ಎಡವಿದ್ದೆ. ಇಂಥ ಸಕ್ಕರೆ ಸರಗಳಿಗೆ, ಅಂದರೆ ಎಲ್ಲ ಪಾಲಿಸ್ಯಾಕರೈಡ್‌ಗೂ ಮಾಡುವ ಹಾಗೆ ಟ್ರೈಫ್ಲೋರೋಅಸಿಟಿಕ್ ಆಮ್ಲ ಹಾಕಿ 120 ಡಿಗ್ರಿಯಲ್ಲಿ ಕಾಯಿಸಿದೆ. ಗ್ಯಾಲಕ್ಟೋಸ್ ಚೆನ್ನಾಗಿ ಬಂತು. ಅನ್‌ಹೈಡ್ರೋಗ್ಯಾಲಕ್ಟೋಸ್ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ದ್ರಾವಣ ಕಂದು ಬಣ್ಣಕ್ಕೆ ತಿರುಗಿತ್ತು, ಅದನ್ನು ನಾನು ಗಮನಿಸಲಿಲ್ಲ. ಪುಡಿಯಲ್ಲೇ ಅದು ಇಲ್ಲ ಅಂದುಕೊಂಡು ಎರಡು ವಾರ ತಪ್ಪು ದಾರಿಯಲ್ಲಿ ನಡೆದೆ. ನಿಜ ಏನೆಂದರೆ, ಆ ಮಣಿ ಬಿಸಿ ಆಮ್ಲಕ್ಕೆ ತಡೆಯುವುದಿಲ್ಲ. ಸರದಿಂದ ಬಿಡಿಸಿಕೊಂಡ ತಕ್ಷಣ ಹಾಳಾಗುತ್ತದೆ.

ಇದಕ್ಕೆ ಒಳ್ಳೆಯ ಪರಿಹಾರ ಇದೆ. ಆಮ್ಲದ ಜೊತೆಗೇ ಮೀಥೈಲ್‌ಮಾರ್ಫೋಲಿನ್ ಬೋರೇನ್ ಎಂಬ ಅಪಕರ್ಷಕವನ್ನು, ಅಂದರೆ ಎಲೆಕ್ಟ್ರಾನ್ ಕೊಡುವ ವಸ್ತುವನ್ನು ಹಾಕಬೇಕು. ಬಿಡುಗಡೆಯಾದ ಮಣಿಯನ್ನು ಅದು ಅಲ್ಲೇ ಹಿಡಿದು ಸಕ್ಕರೆ ಆಲ್ಕೊಹಾಲ್ ಆಗಿ ಬದಲಿಸುತ್ತದೆ. ಆ ರೂಪ ಆಮ್ಲದಲ್ಲೂ ಉಳಿಯುತ್ತದೆ. ಕೆಂಪು ಪಾಚಿಯ ಗ್ಯಾಲಕ್ಟಾನ್‌ಗಳಿಗೆ, ಅಂದರೆ ಇಂಥ ಗ್ಯಾಲಕ್ಟೋಸ್ ಸರಗಳಿಗೆ, ಸ್ಟೀವನ್ಸನ್ ಮತ್ತು ಫರ್ನೋ ಎಂಬ ಸಂಶೋಧಕರು 1991ರಲ್ಲಿ ವಿವರವಾಗಿ ಬರೆದಿಟ್ಟ ವಿಧಾನ ಇದು. ಈ ವಾರ ಹಾಗೇ ಮಾಡಿದೆ. ಎರಡೂ ಮಣಿಗಳ ಪೀಕ್‌ಗಳು ಅಕ್ಕಪಕ್ಕ ನಿಂತಿದ್ದು ನೋಡಿ ಎಷ್ಟು ಸಮಾಧಾನ ಆಯಿತು ಗೊತ್ತಾ!

ಮಣಿ ಯಾವುದು ಎಂದು ತಿಳಿಯಿತು. ಯಾವ ಜಾಗದಲ್ಲಿ ಕಟ್ಟಿದೆ? ಅದಕ್ಕೆ ಮೀಥೈಲೇಶನ್. ಪ್ರತಿ ಸಕ್ಕರೆಗೂ ಹಲವು ಕೈಗಳಿವೆ ಅನ್ನಿ. ಖಾಲಿ ಇರುವ ಕೈಗಳಿಗೆಲ್ಲ ಮೀಥೈಲ್ ಎಂಬ ಗವಸು ತೊಡಿಸುತ್ತೇವೆ. ಆಮೇಲೆ ಸರವನ್ನು ಒಡೆದಾಗ ಗವಸಿಲ್ಲದ ಕೈ ಯಾವುದೋ ಅದು ಪಕ್ಕದ ಮಣಿಯನ್ನು ಹಿಡಿದಿತ್ತು, ಇಲ್ಲವೇ ಸಲ್ಫೇಟ್ ಹೊತ್ತಿತ್ತು. ಎರಡರಲ್ಲಿ ಯಾವುದು? ಸಲ್ಫೇಟ್ ತೆಗೆದ ಮಾದರಿಗೂ ಇದೇ ಪರೀಕ್ಷೆ ಮಾಡಿ ಹೋಲಿಸಿದರೆ ಗೊತ್ತಾಗುತ್ತದೆ. ಮೊದಲು ಹಕೊಮೊರಿ ಎಂಬ ವಿಜ್ಞಾನಿಯ 1964ರ ವಿಧಾನ ಚಾಲ್ತಿಯಲ್ಲಿತ್ತು. 1984ರಿಂದ ಪುಡಿ ಮಾಡಿದ ಸೋಡಿಯಂ ಹೈಡ್ರಾಕ್ಸೈಡ್ ಬಳಸುವ ಸುಲಭ ದಾರಿ ಬಂತು. ಯಾವುದೇ ಆದರೂ ನೀರಿನ ಪಸೆ ಇದ್ದರೆ ಗವಸು ಅರ್ಧಂಬರ್ಧ ಆಗುತ್ತದೆ. ಆಗ ಇಲ್ಲದ ಕವಲುಗಳು ಇರುವ ಹಾಗೆ ಕಾಣುತ್ತವೆ. ಅದಕ್ಕೇ ಮಾದರಿಯನ್ನು ಚೆನ್ನಾಗಿ ಒಣಗಿಸುವುದಕ್ಕೆ ನಾನು ಒಂದಿಡೀ ದಿನ ಕೊಡುತ್ತೇನೆ.

ಗುರುವಾರ ಎನ್‌ಎಂಆರ್, ಅಂದರೆ ಬಲವಾದ ಅಯಸ್ಕಾಂತದೊಳಗೆ ಅಣುವಿನ ಪರಮಾಣುಗಳ ರೇಡಿಯೋ ಸಂಕೇತ ಓದುವ ವಿಧಾನ. ನನಗೆ ತುಂಬಾ ಇಷ್ಟದ ದಿನ. ಜೆಲ್ ಆಗಿ ಕೂತ ಅಣುಗಳು ಸುಲಭವಾಗಿ ಅಲುಗಾಡುವುದಿಲ್ಲ, ಹಾಗಾಗಿ ಪೀಕ್‌ಗಳು ಹರಡಿ ಮಸುಕಾಗುತ್ತವೆ. ಸುಮ್ನೆ ಕರಗಿಸಿ ಇಟ್ಟರೆ ಏನೂ ಕಾಣದು. ಶಬ್ದತರಂಗದಿಂದ ಸರಗಳನ್ನು ಸ್ವಲ್ಪ ತುಂಡರಿಸಿ, ಭಾರಜಲದಲ್ಲಿ ಕರಗಿಸಿ, 65 ಡಿಗ್ರಿಯಲ್ಲಿ ಇಟ್ಟು ಓದಿದೆ. ಕಪ್ಪಾದ ಗುರುತು 5.09 ಪಿಪಿಎಂನಲ್ಲಿ (ಎನ್‌ಎಂಆರ್ ಗ್ರಾಫ್‌ನ ಅಳತೆಗೋಲು), ಅಯೋಟಾದ್ದು 5.29ರಲ್ಲಿ. ಆ ಪೀಕ್‌ಗಳ ಅಡಿಯ ವಿಸ್ತೀರ್ಣ ಅಳೆದರೆ ಯಾವುದು ಎಷ್ಟು ಎಂದು ನೇರವಾಗಿ ಸಿಗುತ್ತದೆ. ಯಾವ ಮಣಿಯೂ ಹಾಳಾಗುವುದಿಲ್ಲ.

ಇಲ್ಲಿಯವರೆಗೆ ಜೆಲ್ ಅನ್ನು ಕರಗಿಸಿದ್ದೇ ಆಯಿತು, ಅಲ್ವಾ? ಜೆಲ್ ಆಗಿಯೇ ನೋಡಲು ರಿಯೋಮೀಟರ್ ಬೇಕು, ಅದು ವಸ್ತು ಎಷ್ಟು ಗಟ್ಟಿ, ಎಷ್ಟು ಹರಿಯುತ್ತದೆ ಎಂದು ಅಳೆಯುವ ಯಂತ್ರ. ಬಿಸಿ ದ್ರಾವಣವನ್ನು ಎರಡು ತಟ್ಟೆಗಳ ನಡುವೆ ಹಾಕಿ, ನೀರು ಆವಿಯಾಗದಂತೆ ಅಂಚಿಗೆ ತೆಳುವಾಗಿ ಎಣ್ಣೆ ಸವರಿ, ನಿಧಾನವಾಗಿ ತಣಿಸುತ್ತಾ ಮೆಲ್ಲಗೆ ಅಲುಗಿಸುತ್ತೇವೆ. ಮತ್ತೆ ಬಿಸಿ ಮಾಡಿದಾಗ ಕಪ್ಪಾ ಜೆಲ್ ಕಟ್ಟಿದ ಉಷ್ಣತೆಯಲ್ಲೇ ಕರಗಲಿಲ್ಲ, ಇನ್ನೂ ಜಾಸ್ತಿ ಬಿಸಿ ಕೇಳಿತು. ಅದರ ಸುರುಳಿಗಳು ಒಟ್ಟುಗೂಡಿ ಕಂತೆಯಾಗಿರುತ್ತವೆ, ಅದನ್ನು ಬಿಡಿಸಲು ಹೆಚ್ಚು ಶಾಖ ಬೇಕು. ಅಯೋಟಾದಲ್ಲಿ ತಣಿಸುವಾಗಿನ ಮತ್ತು ಬಿಸಿ ಮಾಡುವಾಗಿನ ಎರಡು ಗೆರೆಗಳು ಹೆಚ್ಚುಕಡಿಮೆ ಒಂದರ ಮೇಲೊಂದು ಬಿದ್ದವು. ಆ ಎರಡನೇ ಸಲ್ಫೇಟ್ ಕಂತೆಯಾಗಲು ಬಿಡುವುದಿಲ್ಲ.

ಒಣಗಿಸಿದ ಜೆಲ್‌ನ ಸೂಕ್ಷ್ಮದರ್ಶಕದ ಚಿತ್ರಗಳನ್ನೇ ನೋಡಿದರೆ ಆಗದೇ ಎಂದು ನೀವು ಕೇಳಬಹುದು. ಅವುಗಳಲ್ಲಿ ಕಾಣುವ ಜೇನುಗೂಡಿನಂಥ ಸುಂದರ ರಂಧ್ರಗಳು ಹಲವು ಸಲ ಜೆಲ್‌ನದ್ದಲ್ಲ. ಒಣಗಿಸುವ ಮೊದಲು ನಿಧಾನವಾಗಿ ಹೆಪ್ಪುಗಟ್ಟಿದ ಮಂಜಿನ ಹರಳುಗಳು ಬಿಟ್ಟುಹೋದ ಗುರುತು. ಆ ರಂಧ್ರಗಳ ಅಳತೆಯನ್ನು ನಾನು ವರದಿಯಲ್ಲಿ ಹಾಕುವುದಿಲ್ಲ.

ಈಗ ಗುರುವಾರದ ಎನ್‌ಎಂಆರ್ ಗ್ರಾಫ್ ಇನ್ನೊಮ್ಮೆ ನೋಡುತ್ತಿದ್ದೇನೆ. ಕಪ್ಪಾ ಎಂದು ಚೀಟಿ ಅಂಟಿಸಿದ ಶೀಶೆಯದ್ದು. 5.29ರಲ್ಲಿ ಪುಟ್ಟ ಪೀಕ್ ಕಾಣುತ್ತಿದೆ. ಇದರಲ್ಲೂ ಅಯೋಟಾ ಸ್ವಲ್ಪ ಬೆರೆತಿದೆ. ನಾಳೆ ಬೆಳಿಗ್ಗೆ ಚೀಟಿ ಬದಲಿಸಿ, ರಿಯೋಮೀಟರ್‌ನ ಗೆರೆಗಳನ್ನು ಇದನ್ನು ಮುಂದಿಟ್ಟುಕೊಂಡು ಮತ್ತೆ ಓದಬೇಕು.