ಫಿಶ್, ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್: ನಾಲ್ಕು ಜನ, ಎಂಟು ಕಿವಿ

ಎಲ್ಲರಿಗೂ ನಮಸ್ಕಾರ. ಅಧ್ಯಕ್ಷರು ನನಗೆ 25 ನಿಮಿಷ ಕೊಟ್ಟಿದ್ದಾರೆ. ನಾನು ಹೇಳಹೊರಟಿರುವ, ಫಿಶ್ ಅನ್ನೋ ಅಮೆರಿಕದ ರಾಕ್ ಬ್ಯಾಂಡಿನ ಒಂದು ಹಾಡೇ 30 ನಿಮಿಷ ಇದೆ. ಹಾಗಾಗಿ ಪೀಠಿಕೆ ಬೇಡ. ಜಾಮ್ ಅಂದರೆ ಬರೆದಿಟ್ಟ ಹಾಡನ್ನು ಬಿಟ್ಟು ಎಲ್ಲರೂ ಸೇರಿ ವೇದಿಕೆಯಲ್ಲೇ ಹೊಸದಾಗಿ ನುಡಿಸುತ್ತಾ ಹೋಗೋದು, ಇಷ್ಟು ನೆನಪಿದ್ದರೆ ಸಾಕು. ಜಾಮ್ ಬ್ಯಾಂಡ್ ಅಂದರೇನು, ಆ ದಾರಿಯ ಹಿರಿಯ ಬ್ಯಾಂಡ್ ಗ್ರೇಟ್‌ಫುಲ್ ಡೆಡ್ ಯಾರು, ಅವರ ಹಿಂದೆ ಜನ ಊರೂರು ಯಾಕೆ ಅಲೆದರು ಅನ್ನೋದೆಲ್ಲ ಹೋದ ತಿಂಗಳ ಉಪನ್ಯಾಸದಲ್ಲೇ ಬಂದುಹೋಗಿದೆ.

ಆವತ್ತು ಕಾಫಿ ಕುಡಿಯುವಾಗ ಒಬ್ಬರು ಹಿರಿಯರು ನನ್ನನ್ನು ಹಿಡಿದು ನಿಲ್ಲಿಸಿ ಕೇಳಿದರು: "ಅಲ್ರೀ, ಎರಡು ಸ್ವರ ಹಿಡ್ಕೊಂಡು ಅರ್ಧ ಗಂಟೆ ಎಳೀತಾರಲ್ಲ, ಅದೂ ನಮ್ಮ ಸಂಗೀತದ ಥರ ಅಲ್ಲೇ ಹುಟ್ಟಿಸಿ ಹಾಡೋ ಮನೋಧರ್ಮವಾ?" ಅವರು ಇಲ್ಲೇ ಮೂರನೇ ಸಾಲಿನಲ್ಲಿದ್ದಾರೆ. ನಗ್ತಿದ್ದಾರೆ, ನೋಡಿ. ಸರ್, ಇವತ್ತಿನ ಮಾತು ನಿಮಗೇ.

ನನ್ನ ವಾದ ಇಷ್ಟೇ. ಜಾಮ್ ಹುಟ್ಟೋದು ಕಿವಿಯಲ್ಲಿ. ಕೈ ಆಮೇಲೆ ಬರುತ್ತೆ. ಇದನ್ನು ನಾನು ಇನ್ನೂ ಮೂರು ನಾಲ್ಕು ಸಲ ಹೇಳ್ತೀನಿ, ಸಹಿಸಿಕೊಳ್ಳಿ.

ಫಿಶ್ ಹುಟ್ಟಿದ್ದು 1983ರಲ್ಲಿ, ಅಮೆರಿಕದ ವರ್ಮಾಂಟ್ ವಿಶ್ವವಿದ್ಯಾಲಯದ ಹುಡುಗರಿಂದ. ಟ್ರೇ ಅನಸ್ತಾಸಿಯೊ ಗಿಟಾರ್, ಮೈಕ್ ಗಾರ್ಡನ್ ಬೇಸ್ ಗಿಟಾರ್, ಪೇಜ್ ಮೆಕಾನೆಲ್ ಕೀಬೋರ್ಡ್, ಜಾನ್ ಫಿಶ್‌ಮನ್ ಡ್ರಮ್ಸ್. ಫಿಶ್‌ಮನ್ ವೇದಿಕೆಗೆ ಬರೋದು ಹೆಂಗಸರ ಫ್ರಾಕ್ ಹಾಕ್ಕೊಂಡು. ಅದಕ್ಕೆ ಕಾರಣ ಕೇಳಬೇಡಿ, ಸಮಯ ಇಲ್ಲ. ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಅನ್ನೋ ದೊಡ್ಡ ಸಭಾಂಗಣದಲ್ಲಿ ಇವರು ಮೊದಲು ನುಡಿಸಿದ್ದು 1994ರ ಡಿಸೆಂಬರ್ 30ರಂದು. ಅಲ್ಲಿಂದ ಅದು ಅವರ ಮನೆ ಆಯಿತು. ಕೆಳಗೆ ಪೆನ್ ಸ್ಟೇಷನ್, ರೈಲು ಓಡಾಡುತ್ತೆ. ಮೇಲೆ ಸುಮಾರು ಇಪ್ಪತ್ತು ಸಾವಿರ ಜನ. ಜನ ಕುಣಿದರೆ ನೆಲವೇ ತೂಗುತ್ತೆ ಅಂತ ಹೋಗಿಬಂದವರು ಹೇಳ್ತಾರೆ.

ಈಗ 2017. ಜುಲೈ 21ರಿಂದ ಆಗಸ್ಟ್ 6ರವರೆಗೆ ಅದೇ ಜಾಗದಲ್ಲಿ ಹದಿಮೂರು ಕಛೇರಿ. ಬೇಕರಿಯವರ ಲೆಕ್ಕದಲ್ಲಿ ಒಂದು ಡಜನ್ ಅಂದ್ರೆ ಹದಿಮೂರು, ಅದಕ್ಕೆ 'ಬೇಕರ್ಸ್ ಡಜನ್' ಅಂತ ಹೆಸರು. ಪ್ರತಿ ರಾತ್ರಿಗೂ ಒಂದು ಡೋನಟ್ ರುಚಿ. ಬಂದವರಿಗೆ ನಿಜವಾಗಿ ಡೋನಟ್ ಹಂಚಿದರು, ತಮಾಷೆ ಅಲ್ಲ. ತೆಂಗಿನಕಾಯಿ ರುಚಿಯ ದಿನ ತೆಂಗಿನಕಾಯಿ ಹಾಡು, ಸ್ಟ್ರಾಬೆರಿ ದಿನ ಬೀಟಲ್ಸ್‌ನವರ ಸ್ಟ್ರಾಬೆರಿ ಹಾಡು. ಇದು ಹುಡುಗಾಟ. ಹುಡುಗಾಟದ ಹಿಂದೆ ಒಂದು ಕಟ್ಟುನಿಟ್ಟಾದ ವ್ರತ ಇತ್ತು. ಹದಿಮೂರು ರಾತ್ರಿಯಲ್ಲಿ ಒಂದು ಹಾಡನ್ನೂ ಎರಡನೇ ಸಲ ನುಡಿಸಲಿಲ್ಲ. ಒಟ್ಟು 237 ಹಾಡು!

ನಾಲ್ಕನೇ ರಾತ್ರಿ, ಜುಲೈ 25. ಆವತ್ತಿನ ಡೋನಟ್ ಒಳಗೆ ಜಾಮ್ ತುಂಬಿದ್ದು. ಸಭೆಗೆ ಅರ್ಥ ಆಯ್ತಲ್ಲ, ಇವತ್ತು ಎಳೆದು ನುಡಿಸ್ತಾರೆ ಅಂತ ಎಲ್ಲರೂ ಕಾದು ಕೂತಿದ್ದರು. ಮೊದಲನೇ ಹಾಡು 'ಸ್ಯಾಂಪಲ್ ಇನ್ ಎ ಜಾರ್'. ಜಾಮ್ ಇರೋದು ಜಾಡಿಯಲ್ಲಿ ತಾನೇ! ಎರಡನೆಯದು 'ಲಾನ್ ಬಾಯ್'.

ಇಲ್ಲಿ ಸ್ವಲ್ಪ ನಿಲ್ಲಬೇಕು. ಲಾನ್ ಬಾಯ್ ಎಂಥ ಹಾಡು ಗೊತ್ತಾ? 1990ರ ಆಲ್ಬಮ್‌ನಲ್ಲಿ ಎರಡೂವರೆ ನಿಮಿಷ. ಹೋಟೆಲ್ ಲಾಂಜ್‌ನಲ್ಲಿ ಹಾಡುವಂಥ ಮೆಲ್ಲನೆಯ ಹಾಡು. ಪೇಜ್ ಕೀಬೋರ್ಡ್ ಬಿಟ್ಟು ಎದ್ದು, ಮೈಕ್ರೊಫೋನ್ ಹಿಡಿದು, ಮದುವೆ ಮನೆಯ ಆರ್ಕೆಸ್ಟ್ರಾ ಗಾಯಕನ ಹಾಗೆ ವೇದಿಕೆ ಮೇಲೆ ಓಡಾಡ್ತಾ ಹಾಡ್ತಾರೆ. ನಡುವೆ ಬೇಸ್‌ನವರಿಗೆ ಒಂದು ಚಿಕ್ಕ ಸರದಿ. ಚಪ್ಪಾಳೆ, ಮುಗೀತು. ಇಷ್ಟು ವರ್ಷ ಹೀಗೇ ನಡೆದಿತ್ತು. ಜನ ಬಾತ್‌ರೂಮಿಗೆ ಹೋಗಿಬರಲು ಆರಿಸಿಕೊಳ್ಳುವ ಹಾಡು ಅದು.

ಆವತ್ತು ಮೈಕ್ ಗಾರ್ಡನ್ ಬೇಸ್ ನುಡಿಸಿದರು. ಹಾಡು ಮುಗಿಯಬೇಕಿತ್ತು. ಮುಗಿಯಲಿಲ್ಲ. ಪೇಜ್ ಮತ್ತೆ ಕೀಬೋರ್ಡಿಗೆ ಹೋದರು. ಬೇರೆಯವರೂ ಬಿಡಲಿಲ್ಲ. ಐದು ನಿಮಿಷ ಆಯ್ತು, ಹತ್ತು ಆಯ್ತು. ಲಾಂಜ್ ಹಾಡಿನ ಗುರುತೇ ಉಳಿಯಲಿಲ್ಲ. ಇಪ್ಪತ್ತು ಆಯ್ತು. ಸುಮಾರು ಅರ್ಧ ಗಂಟೆಗೆ ಬಂದು ನಿಂತಿತು. ಯಾರೂ ಲೆಕ್ಕಕ್ಕೆ ಇಡದ ಹಾಡು ಆವತ್ತಿನ ಮುಖ್ಯ ಕೃತಿ ಆಗಿಬಿಡ್ತು.

ಸರ್, ನೀವು ಕೇಳಬಹುದು, ಉದ್ದ ಮಾಡಿದ್ದೇ ಸಾಧನೆಯಾ ಅಂತ. ಖಂಡಿತ ಅಲ್ಲ. ಫಿಶ್‌ನ ಎಷ್ಟೋ ಉದ್ದದ ಜಾಮ್‌ಗಳು ಬೋರ್. ನಾನೇ ಮುಂದಕ್ಕೆ ಓಡಿಸ್ತೀನಿ. ಆದರೆ ಈ ರೆಕಾರ್ಡಿಂಗ್ ಕೇಳಿ, ಅದರಲ್ಲಿ 'ಸೋಲೋ' ಅಂತ ಬೆರಳಿಟ್ಟು ತೋರಿಸಿ ನೋಡೋಣ. ಕಷ್ಟ. ನಮ್ಮ ಕಛೇರಿಯಲ್ಲಿ ಗಾಯಕರು ಹೋದ ಕಡೆ ಪಿಟೀಲು ಹೋಗುತ್ತೆ. ತನಿ ಬಂದಾಗ ಮೃದಂಗದವರ ಸರದಿ. ಜುಗಲ್‌ಬಂದಿಯಲ್ಲೂ ನೀನೊಮ್ಮೆ ನಾನೊಮ್ಮೆ. ರಾಗ, ತಾಳ ಎರಡೂ ಗಟ್ಟಿಯಾಗಿ ಕೂತಿರುತ್ತವೆ. ಇಲ್ಲಿ ಶ್ರುತಿಯೂ ಬದಲಾಗಬಹುದು, ಲಯವೂ ಬದಲಾಗಬಹುದು. ಬದಲಿಸುವವರು ಯಾರು? ಮೊದಲು ಯಾರ ಕಿವಿಗೆ ಬಿತ್ತೋ ಅವರು. ಉಳಿದ ಮೂವರು ಅದನ್ನು ಗಮನಿಸದಿದ್ದರೆ ಇಪ್ಪತ್ತು ಸಾವಿರ ಜನರ ಎದುರು ಎಡವಟ್ಟು.

ಇದು ಅದೃಷ್ಟದಿಂದ ಬಂದದ್ದೂ ಅಲ್ಲ. ಶುರುವಿನ ವರ್ಷಗಳಲ್ಲಿ ಇವರು ಒಂದು ಅಭ್ಯಾಸ ಮಾಡ್ತಿದ್ದರು. ಒಬ್ಬರು ಒಂದು ಚಿಕ್ಕ ನುಡಿ ಶುರು ಮಾಡಬೇಕು. ಉಳಿದವರು ಅದಕ್ಕೆ ಹೊಂದುವಂಥದ್ದು ಸೇರಿಸಬೇಕು, ಅದನ್ನೇ ನಕಲು ಮಾಡುವಂತಿಲ್ಲ. ಬೇರೆ ಮೂವರೂ ಬದಲಾಯಿಸೋದು ನಿಲ್ಲಿಸಿ ಒಂದು ಕಡೆ ಕೂತಿದ್ದಾರೆ ಅಂತ ಗೊತ್ತಾದಾಗ "ಹೇ" ಅನ್ನಬೇಕು. ನಾಲ್ಕೂ ಜನ "ಹೇ" ಅಂದ ಮೇಲೆ ಮುಂದಿನವರು ನುಡಿ ಬದಲಿಸಬೇಕು. ಅಷ್ಟೇ ಆಟ. ತನ್ನ ಕೈಯನ್ನೇ ನೋಡಿಕೊಂಡು ಕೂತವನಿಗೆ "ಹೇ" ಅನ್ನಲು ಆಗೋದೇ ಇಲ್ಲ, ಅಲ್ವಾ? ನಾವು ಮಕ್ಕಳಿಗೆ ಸರಳೆ, ಜಂಟಿ, ಅಲಂಕಾರ ಎಲ್ಲ ಹೇಳಿಕೊಡ್ತೀವಿ. ಪಕ್ಕದವರನ್ನು ಕೇಳಿಸಿಕೊಳ್ಳುವ ಪಾಠ ಎಲ್ಲಿದೆ? ಸಂಗೀತದ ಮೇಷ್ಟ್ರುಗಳು ಇಲ್ಲಿದ್ದರೆ ಬೈಯಬೇಡಿ.

ಇದೇ ಕಟ್ಟಡದ ಇನ್ನೊಂದು ಕತೆ ಹೇಳದೆ ಇರಲಾರೆ. 1971ರ ಆಗಸ್ಟ್ 1. ಬಾಂಗ್ಲಾದೇಶದ ನಿರಾಶ್ರಿತರಿಗಾಗಿ ಕಛೇರಿ. ರವಿಶಂಕರ್, ಅಲಿ ಅಕ್ಬರ್ ಖಾನ್, ಅಲ್ಲಾ ರಖಾ ವೇದಿಕೆ ಮೇಲೆ. ಶ್ರುತಿ ಕೂಡಿಸಿಕೊಂಡರು. ಜನ ಜೋರಾಗಿ ಚಪ್ಪಾಳೆ ತಟ್ಟಿದರು! ಶ್ರುತಿ ಕೂಡಿಸಿದ್ದೇ ಇಷ್ಟು ಇಷ್ಟವಾದರೆ ನುಡಿಸಿದ್ದು ಇನ್ನೂ ಇಷ್ಟವಾದೀತು ಅಂದರು ರವಿಶಂಕರ್. ಈ ಪ್ರಸಂಗ ಹೇಳಿ ನಾವೆಲ್ಲ ಅಮೆರಿಕದವರನ್ನು ನಕ್ಕಿದ್ದೇವೆ. 46 ವರ್ಷದ ಮೇಲೆ ಅದೇ ಸಭಾಂಗಣದಲ್ಲಿ ಕೂತ ಜನ, ಬೇಸ್‌ನವರು ಒಂದೇ ಒಂದು ಸ್ವರ ಬದಲಿಸಿದರೆ ಕೂಗು ಹಾಕ್ತಾರೆ. ಕಲಾವಿದರ ಕಿವಿ ಮಾತ್ರ ಅಲ್ಲ, ಕೇಳುವವರ ಕಿವಿಯೂ ಬೆಳೆದಿದೆ. ಇದಕ್ಕೆ ಕಾರಣ ಟೇಪು. ಸಭೆಯಿಂದಲೇ ರೆಕಾರ್ಡ್ ಮಾಡಿಕೊಳ್ಳಲು ಫಿಶ್‌ನವರು ಜನರನ್ನು ಬಿಟ್ಟರು. ಅದೇ ಹಾಡನ್ನು ಹತ್ತು ಊರಿನಲ್ಲಿ ಹೇಗೆ ನುಡಿಸಿದರು ಅಂತ ಜನ ಮನೆಯಲ್ಲಿ ಕೂತು ಹೋಲಿಸಿದರು. ನಮ್ಮಲ್ಲೂ ರಸಿಕರು ಹಳೇ ಕಛೇರಿ ಕ್ಯಾಸೆಟ್ ಕೈ ಬದಲಾಯಿಸ್ತಾ ಇದ್ದರಲ್ಲ, ಹಾಗೆ.

ಅಧ್ಯಕ್ಷರು ಗಡಿಯಾರ ನೋಡ್ತಿದ್ದಾರೆ. ಬೇಗ ಬೇಗ ಹೇಳ್ತೀನಿ.

1997ರ ಡಿಸೆಂಬರ್ 30, ಅದೇ ಗಾರ್ಡನ್. ಎರಡನೇ ಭಾಗದ ಶುರುವಿಗೆ 'ಎಸಿ/ಡಿಸಿ ಬ್ಯಾಗ್'. ಸುಮಾರು 25 ನಿಮಿಷ. ಆ ವರ್ಷ ಟ್ರೇ ಗಿಟಾರನ್ನು ಹಿಂದಕ್ಕೆ ಎಳೆದುಕೊಂಡಿದ್ದರು. ಸ್ವರ ಕಡಿಮೆ, ಲಯ ಜಾಸ್ತಿ, ಫಂಕ್ ಥರ. ಮುಂದೆ ನಿಲ್ಲುವವನು ಹಿಂದೆ ಸರಿದ ಮೇಲೆ ಬೇಸ್, ಕೀಬೋರ್ಡ್ ಎರಡಕ್ಕೂ ಜಾಗ ಸಿಕ್ಕಿತು. ಮತ್ತೆ ಅದೇ ಮಾತು, ಕಿವಿ. 1995ರ ಹೊಸ ವರ್ಷದ ರಾತ್ರಿ ಬಗ್ಗೆ ಎರಡು ಪುಟ ಬರೆದು ತಂದಿದ್ದೆ, ಬಿಟ್ಟೆ. ದೀಪದ ಕ್ರಿಸ್ ಕುರೋಡಾ ಬಗ್ಗೆ ಒಂದೇ ಮಾತು. ಮುಂದೆ ಏನು ನುಡಿಸ್ತಾರೆ ಅಂತ ಅವರಿಗೂ ಗೊತ್ತಿರಲ್ಲ, ಕೇಳಿಸಿಕೊಂಡೇ ದೀಪ ಆಡಿಸ್ತಾರೆ.

ವ್ರತದ ಮಾತು ಬಾಕಿ ಇದೆ. ರಿಪೀಟ್ ಇಲ್ಲ ಅಂದ ಮೇಲೆ ಗೆಲ್ಲುವ ಹಾಡುಗಳನ್ನೇ ತಿರುಗಿ ತಿರುಗಿ ಹಿಡಿಯೋ ಹಾಗಿಲ್ಲ. ಮೂಲೆಯಲ್ಲಿದ್ದ ಲಾನ್ ಬಾಯ್‌ಗೆ ಬಾಗಿಲು ತೆರೆದದ್ದು ಅದೇ ಅಂತ ನನ್ನ ಲೆಕ್ಕ. ವರ್ಷಪೂರ್ತಿ ಅದೇ ನಾಲ್ಕು ಕೃತಿ ಹಾಡುವ ನಮ್ಮ ವಿದ್ವಾಂಸರೂ ಒಂದು ಸೀಸನ್ ಹೀಗೆ ಮಾಡಿ ನೋಡಬಹುದು. ಕೊನೇ ರಾತ್ರಿ ಅವರು 'ಲಾನ್ ಬಾಯ್ ರಿಪ್ರೈಸ್', ಅಂದರೆ ಲಾನ್ ಬಾಯ್‌ನ ಮರುದನಿ, ಅಂತ ಹೊಸದೊಂದನ್ನು ತಂದರು. ಹಾಡು ಬೇರೆ, ಹಾಗಾಗಿ ವ್ರತ ಮುರಿಯಲಿಲ್ಲವಂತೆ! ವಕೀಲರ ವಾದ.

ಚೀಟಿ ಬಂತು. ಆಯ್ತು, ನಿಲ್ಲಿಸ್ತೀನಿ. ಸ್ಪೀಕರ್ ಹತ್ತಿರ ಇರುವ ತಮ್ಮಾ, ಜುಲೈ 25ರದ್ದು ಹಾಕಪ್ಪ. ಶುರುವಿನಿಂದ ಬೇಡ, ಬೇಸ್ ಬರುವಲ್ಲಿಂದ. ಸರ್, ಗಿಟಾರ್ ಬಿಟ್ಟುಬಿಡಿ, ಡ್ರಮ್ಸ್ ಮಾತ್ರ ಹಿಡಿದು ಕೇಳಿ. ಜಗಳ ಆಮೇಲೆ ಕಾಫಿ ಹತ್ತಿರ ಆಡೋಣ.